ಬಿದಿರು ಅಪ್ಪನದು, ಚಾಪೆ ಅವ್ವನದು

ನನ್ನ ಬೀಳ್ಕೊಡುಗೆಯ ಊಟವನ್ನು ಶಾಲೆಯವರು ಎಚ್.ಡಿ. ಕೋಟೆ ಕಡೆಯ ಹಿನ್ನೀರಿನ ದಡದಲ್ಲಿರುವ ಒಂದು ರೆಸಾರ್ಟಿನಲ್ಲಿ ಇಟ್ಟುಕೊಂಡಿದ್ದರು. ಬೇಡವೆಂದರೂ ಕೇಳಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೀರಿ, ಒಂದು ದಿನ ಕಾಲು ಚಾಚಿ ಕೂತು ಉಣ್ಣಿ ಎಂದು ಹುಣಸೂರಿನಲ್ಲಿ ವ್ಯಾನು ಹತ್ತಿಸಿಬಿಟ್ಟರು. ನನ್ನ ಪಕ್ಕದ ಸೀಟಿನಲ್ಲಿ ಸವಿತಾ ಕೂತಿದ್ದಳು, ಹೋದ ವರ್ಷವಷ್ಟೇ ನಮ್ಮ ಶಾಲೆಗೆ ಬಂದ ಹುಡುಗಿ. ಎಷ್ಟು ಹೊತ್ತಿಗೆ ವಾಪಸ್ಸು ಎಂದು ಅವಳ ಗಂಡ ದಾರಿಯುದ್ದಕ್ಕೂ ಫೋನ್ ಮಾಡುತ್ತಲೇ ಇದ್ದ. ರೆಸಾರ್ಟಿನ ಮ್ಯಾನೇಜರು ಇನ್ನೂ ಮೀಸೆ ಬಲಿಯದ ಹುಡುಗ. ಊಟಕ್ಕೆ ಮುಂಚೆ ಅವನು ನಮ್ಮನ್ನೆಲ್ಲ ಒಂದು ದುಂಡನೆಯ ಬಿಳಿ ಮನೆಯೊಳಗೆ ಕರೆದುಕೊಂಡು ಹೋದ. ಇದಕ್ಕೆ ಯರ್ಟ್ ಅನ್ನುತ್ತಾರೆ, ಮಂಗೋಲಿಯಾದ ಕುರಿ ಕಾಯುವವರ ಮನೆ ಎಂದ. ಗೋಡೆಯೆಂದರೆ ಮಡಚಿ ಬಿಚ್ಚುವ ಮರದ ಜಾಲರಿ. ಜಾಲರಿಯ ನೆತ್ತಿಯಿಂದ ಹೊರಟ ಗಳುಗಳೆಲ್ಲ ನಡುಮಧ್ಯದ ಒಂದು ದೊಡ್ಡ ಮರದ ಬಳೆಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಮೇಲೆ ಉಣ್ಣೆಯ ದಪ್ಪ ಹೊದಿಕೆ, ಸುತ್ತ ಹಗ್ಗದ ಬಿಗಿತ. ಬಳೆಯ ತೂತಿನಿಂದ ಹೊಗೆ ಹೊರಗೆ, ಬೆಳಕು ಒಳಗೆ. ಬೆಳಿಗ್ಗೆ ಬಿಚ್ಚಿ ಒಂಟೆಯ ಮೇಲೆ ಹೇರಿದರೆ ಸಂಜೆಗೆ ಬೇರೆ ಬಯಲಿನಲ್ಲಿ ನಿಲ್ಲಿಸಬಹುದಂತೆ. ಎಲ್ಲರೂ ಫೋಟೊ ತೆಗೆದುಕೊಳ್ಳಲು ನುಗ್ಗಿದರು. ನಾನು ಕತ್ತೆತ್ತಿ ಆ ಬಳೆಯನ್ನೇ ನೋಡುತ್ತ ನಿಂತುಬಿಟ್ಟೆ. ನನ್ನ ಬಾಯಿಂದ ತಾನಾಗಿಯೇ ಒಂದು ಪ್ರಶ್ನೆ ಬಂತು.

"ಇದರಲ್ಲಿ ಗಂಡಂದು ಯಾವುದು, ಹೆಂಡತೀದು ಯಾವುದು?"

"ಇಬ್ರಿಗೂ ಒಂದೇ ಬೆಡ್ ಮೇಡಂ, ಕಿಂಗ್ ಸೈಜ್," ಎಂದ ಹುಡುಗ.

ಎಲ್ಲರೂ ಹೋ ಎಂದು ನಕ್ಕರು. ಆ ನಗುವಿನ ಬೆನ್ನಿಗೇ ನಮ್ಮ ಶಿವಣ್ಣ ಮಾಸ್ತರರು ತಮ್ಮದೊಂದು ಕತೆ ತೆಗೆದರು. ಪಿರಿಯಾಪಟ್ಟಣದ ಕಡೆಯಿಂದ ವರ್ಗವಾಗಿ ಬಂದ ಅವರಿಗೆ ಮಾತೆಂದರೆ ಮುಗಿಯಿತು.

"ಬಿಚ್ಚೋ ಮನೆ ಅಂದ್ರೆ ನೆಪ್ಪಾಯ್ತು ನೋಡಿ. ನಮ್ ಬೆಟ್ಟದಪುರದ ತಾವ್ ಒಬ್ಳು ಹುಚ್ಚಿ ಇದ್ಳಂತೆ. ಸರ್ಕಾರ ಹೆಂಚಿನ ಮನೆ ಕಟ್ಸ್‌ಕೊಟ್ರೆ, ಗಂಡನ್ ಮೇಲ್ ಸಿಟ್ ಬಂತು ಅಂತ ಸೂರ್ ಹತ್ತಿ ಹೆಂಚೆಲ್ಲಾ ಬಿಚ್ಚಿ ಕೆಳಿಕ್ಕೆ ಜೋಡ್ಸುದ್ಳಂತೆ ಕಣ್ರೀ!"

ಮತ್ತೆ ನಗು. ಮ್ಯಾನೇಜರು ಹುಡುಗನೂ ನಕ್ಕ. ಸವಿತಾ ಮಾತ್ರ ನಗಲಿಲ್ಲ, ಅವಳ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಈ ಕತೆಯನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಹೇಳುವವರು ಬದಲಾಗುತ್ತಾರೆ, ಹುಚ್ಚಿ ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಆ ಮನೆಯ ವಿಷಯವನ್ನು, ಅದಕ್ಕೂ ಮುಂಚಿನ ಮನೆಯ ವಿಷಯವನ್ನು ನಾನೇ ಬರೆಯುತ್ತೇನೆ. ಸೂರು ಹತ್ತಿದವಳು ನನ್ನ ಅವ್ವ, ಪುಟ್ಟತಾಯಿ.

ನಮ್ಮವರು ಬುಟ್ಟಿ, ಮೊರ, ಚಾಪೆ ಹೆಣೆದು ಊರೂರಿಗೆ ಮಾರುತ್ತಿದ್ದವರು. ಜಾತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಈ ಸೀಮೆಯ ಜನ ಹೇಳಿದ ಮಾತು ಕೇಳದ ಮಕ್ಕಳನ್ನು ಬೈಯುವುದಕ್ಕೆ ಬಳಸುತ್ತಾರೆ, ನನ್ನ ತರಗತಿಯಲ್ಲೇ ಬಳಸಿದ್ದನ್ನು ಕೇಳಿದ್ದೇನೆ. ಮತ್ತೊಮ್ಮೆ ಅವರ ಬಾಯಿಗೆ ಕೊಡಲು ನನಗೆ ಇಷ್ಟವಿಲ್ಲ. ಭತ್ತದ ಕೊಯ್ಲಿನ ಹೊತ್ತಿಗೆ ನಾವು ಚುಂಚನಕಟ್ಟೆಯ ಗದ್ದೆ ಬಯಲಿನಲ್ಲಿ ಇರುತ್ತಿದ್ದೆವು, ಕಾಳು ಒಣಗಿಸಲು ಅಲ್ಲಿ ಎಲ್ಲರಿಗೂ ಚಾಪೆ ಬೇಕು. ಹೊಗೆಸೊಪ್ಪಿನ ಕಾಲಕ್ಕೆ ಬೆಟ್ಟದಪುರದ ಕಡೆ. ನಡುನಡುವೆ ಕಂಪಲಾಪುರದ ಸಂತೆ. ಬಿದಿರು ಮುಗಿದರೆ ಕೋಟೆ ಕಡೆಯ ಕಾಡಂಚು. ಎರಡು ಕತ್ತೆಗಳ ಮೇಲೆ ಮನೆ, ನಮ್ಮ ತಲೆಯ ಮೇಲೆ ಪಾತ್ರೆ ಪಡಗ. ಕತ್ತೆಯ ಮೇಲೆ ಮನೆ ಹೋಗುವುದನ್ನು ನೋಡಿ ಊರ ಮಕ್ಕಳು ಹಿಂದೆ ಹಿಂದೆ ಕೂಗುತ್ತ ಬರುತ್ತಿದ್ದರು. ನನಗೆ ಆಗ ಅವರ ಮನೆಗಳನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು, ಒಂದೇ ಕಡೆ ನಿಂತುಕೊಂಡೇ ಇರುತ್ತವಲ್ಲ ಎಂದು.

ನಮ್ಮ ಗುಡ್ಲು ನಿಲ್ಲುತ್ತಿದ್ದ ರೀತಿ ಹೀಗೆ. ಬಿದಿರನ್ನು ಉದ್ದಕ್ಕೆ ಸೀಳಿ, ಬೆಂಕಿಯ ಶಾಖ ತೋರಿಸಿ ಬಿಲ್ಲಿನಂತೆ ಬಗ್ಗಿಸಿದ ದಬ್ಬೆಗಳು ನಮ್ಮ ಮನೆಯ ಮೂಳೆ. ಅಪ್ಪ ಗೂಟಕ್ಕೆ ದಾರ ಕಟ್ಟಿ ನೆಲದ ಮೇಲೆ ದುಂಡನೆಯ ಗೆರೆ ಎಳೆಯುತ್ತಿದ್ದ. ಆ ಗೆರೆಯ ಮೇಲೆ ಹಾರೆಯಿಂದ ಕುಳಿ ತೋಡಿ ಒಂದೊಂದು ದಬ್ಬೆಯ ಬುಡ ನೆಡುತ್ತಿದ್ದ. ತುದಿಗಳೆಲ್ಲ ಬಗ್ಗಿ ಬಂದು ನಡುನೆತ್ತಿಯಲ್ಲಿ ಬೆತ್ತದಿಂದ ಹೊಸೆದ ಒಂದು ಬಳೆಗೆ ಸೇರುತ್ತಿದ್ದವು. ಸೊಂಟದ ಮಟ್ಟಕ್ಕೆ ತೆಳುವಾದ ಸೀಳುಗಳನ್ನು ಅಡ್ಡಡ್ಡ ಹಾಯಿಸಿ ಕತ್ತಾಳೆ ನಾರಿನಿಂದ ಕಟ್ಟಿದರೆ ಅಪ್ಪನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಅವ್ವನದು. ಈಚಲು ಗರಿಯ ಚಾಪೆಗಳನ್ನು ಅವಳು ಮೊದಲು ಬುಡಕ್ಕೆ ಸುತ್ತುತ್ತಿದ್ದಳು, ಅದರ ಮೇಲಂಚಿನ ಮೇಲೆ ಎರಡನೆಯ ಸುತ್ತು, ಅದರ ಮೇಲೆ ಮೂರನೆಯದು. ಮಳೆನೀರು ಮೇಲಿನ ಚಾಪೆಯಿಂದ ಕೆಳಗಿನ ಚಾಪೆಗೆ ಇಳಿದು ನೆಲ ಸೇರಬೇಕೇ ಹೊರತು ಸಂದಿಯಿಂದ ಒಳಗೆ ಇಣುಕಬಾರದು. ಬಳೆಯ ಮೇಲೆ ಒಂದು ಪುಟ್ಟ ಚಾಪೆಯ ಟೋಪಿ. ಅಡುಗೆ ಮಾಡುವಾಗ ಅದನ್ನು ಕೋಲಿನಿಂದ ಸರಿಸಿದರೆ ಹೊಗೆ ಹೊರಗೆ ಹೋಗುತ್ತಿತ್ತು. ಎಲ್ಲ ಆದ ಮೇಲೆ ಒಂದು ಶಾಸ್ತ್ರವಿತ್ತು. ಅಪ್ಪ ಒಳಗೆ ನಿಂತು ದಬ್ಬೆಗಳನ್ನು ಒಂದೊಂದಾಗಿ ತಟ್ಟುತ್ತ ಸುತ್ತು ಬರುತ್ತಿದ್ದ. ಅವ್ವ ಹೊರಗಿನಿಂದ ಚಾಪೆಗಳನ್ನು ತಟ್ಟುತ್ತ ಅವನ ಜೊತೆಜೊತೆಗೇ ಸುತ್ತುತ್ತಿದ್ದಳು. ಬಾಗಿಲ ಹತ್ತಿರ ಇಬ್ಬರೂ ಬಂದು ನಿಲ್ಲುವರು.

"ಬಿಗಿಯಾಯ್ತಾ?" ಎಂದು ಒಳಗಿನಿಂದ ಅಪ್ಪ.

"ಬಿಗಿಯಾಯ್ತು," ಎಂದು ಹೊರಗಿನಿಂದ ಅವ್ವ.

ಆ ಮಾತು ಆದ ಮೇಲೆಯೇ ಒಲೆ ಹಚ್ಚುವುದು. ಮೂರು ಕಲ್ಲಿನ ಒಲೆ ಬಳೆಯ ನೇರ ಕೆಳಗೆ. ಬಾಗಿಲಿಂದ ಎಡಕ್ಕೆ ಅವ್ವನ ಗರಿ, ಪಾತ್ರೆ, ಬಲಕ್ಕೆ ಅಪ್ಪನ ಮಚ್ಚು, ಹಾರೆ, ಕತ್ತೆಯ ತಡಿ. ಹಿಂದುಗಡೆ ಅಜ್ಜಿ, ಅಂದರೆ ಅಪ್ಪನ ತಾಯಿ, ಅವಳ ಕಾಲ ಬುಡದಲ್ಲಿ ನಾನು. ಚುಂಚನಕಟ್ಟೆಯಲ್ಲಿದ್ದಾಗ ನಾಲೆಯ ಏಡಿ ಹಿಡಿದು ತಂದು ಅವ್ವ ಖಾರವಾಗಿ ಸಾರು ಮಾಡುತ್ತಿದ್ದಳು. ಕೋಟೆ ಕಡೆಗೆ ಹೋದರೆ ಮಳೆಗಾಲದ ಕಳಲೆ, ಎಳೆಬಿದಿರಿನ ಮೊಳಕೆ. ಉಳಿದ ದಿನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುದ್ದೆಯನ್ನು ಅಪ್ಪನೇ ತೊಳಸುತ್ತಿದ್ದ, ಅವ್ವನ ಕೈ ಗರಿಯ ಮುಳ್ಳಿಗೆ ಸಿಕ್ಕಿ ಯಾವಾಗಲೂ ಸೀಳಿರುತ್ತಿತ್ತು ಎಂದು. ನಮ್ಮ ಗುಡ್ಲು ಸ್ವರ್ಗವಾಗಿತ್ತೆಂದು ಹೇಳಲು ನಾನು ಕೂತಿಲ್ಲ. ಹಾವು ಬರುತ್ತಿತ್ತು. ಗಾಳಿ ಜೋರಾದರೆ ಎಲ್ಲರೂ ದಬ್ಬೆ ಹಿಡಿದು ನಿಲ್ಲಬೇಕಿತ್ತು. ಊರಿನಲ್ಲಿ ಯಾರ ಕೋಳಿ ಕಾಣೆಯಾದರೂ ಮೊದಲು ಬಂದು ನಮ್ಮ ಚಾಪೆಯನ್ನೇ ಎತ್ತಿ ನೋಡುತ್ತಿದ್ದರು. ಆದರೂ ಆ ಮನೆಯಲ್ಲಿ ಒಂದು ನ್ಯಾಯವಿತ್ತು. ಆ ನ್ಯಾಯ ಇವತ್ತಿನ ಎಷ್ಟೋ ತಾರಸಿ ಮನೆಗಳಲ್ಲಿ ಇಲ್ಲ.

ನ್ಯಾಯ ಇಷ್ಟೇ. ಬಿದಿರು ಗಂಡಿನ ಕಡೆಯದು, ಚಾಪೆ ಹೆಣ್ಣಿನ ಕಡೆಯದು. ಮದುವೆ ಗೊತ್ತಾದ ಹುಡುಗಿ ತನ್ನ ತಾಯಿಯ ಜೊತೆ ಕೂತು ಒಂದು ಮನೆಗಾಗುವಷ್ಟು ಚಾಪೆ ಹೆಣೆಯಬೇಕು. ಹುಡುಗನ ತಾಯಿ ತನ್ನ ಮನೆಯ ದಬ್ಬೆಗಳಲ್ಲಿ ಒಳ್ಳೆಯವನ್ನು ಆರಿಸಿ ಕೊಡಬೇಕು. ಬಳೆ ಮಾತ್ರ ಇಬ್ಬರದು. ಮದುವೆಯ ದಿನ ಎಲ್ಲರ ಎದುರಿಗೆ ಹುಡುಗ ನೆನೆಸಿದ ಬೆತ್ತದ ಒಂದು ತುದಿ ಹಿಡಿದು ಕೂರುತ್ತಾನೆ, ಹುಡುಗಿ ಇನ್ನೊಂದು ತುದಿಯಿಂದ ಹೊಸೆಯುತ್ತ ಬರುತ್ತಾಳೆ. ಬಳೆ ದುಂಡಗಾಗುವ ತನಕ ನೆಂಟರಿಗೆ ಊಟವಿಲ್ಲ. ಜಗಳ ಬಂದರೆ ಅವರವರ ಭಾಗವನ್ನು ಅವರವರು ತೆಗೆದುಕೊಂಡು ಹೋಗಬಹುದು, ಯಾರೂ ಅಡ್ಡ ಬರುವಂತಿಲ್ಲ. ಗಂಡಸು ದಬ್ಬೆ ಕಿತ್ತರೆ ಹೆಂಗಸಿನ ಹತ್ತಿರ ನಿಲ್ಲಲಾರದ ಚಾಪೆಯ ರಾಶಿ. ಹೆಂಗಸು ಚಾಪೆ ಬಿಚ್ಚಿದರೆ ಗಂಡಸಿನ ಹತ್ತಿರ ಆಕಾಶ ಕಾಣುವ ಬಿದಿರಿನ ಪಂಜರ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಮನೆಯೇ ಇಲ್ಲ.

ಅವ್ವ ಚಾಪೆ ಬಿಚ್ಚಿದ್ದನ್ನು ನಾನು ಮೊದಲು ಕಂಡದ್ದು ಚುಂಚನಕಟ್ಟೆಯಲ್ಲಿ. ಅಪ್ಪ ಕೆಟ್ಟವನಲ್ಲ, ಆದರೆ ದೊಡ್ಡವರ ಮುಂದೆ ದೊಡ್ಡಸ್ತಿಕೆ ತೋರುವ ಚಪಲ ಅವನಿಗೆ. ಗದ್ದೆಯ ಯಜಮಾನರೊಬ್ಬರು ಕಣದ ಹತ್ತಿರ ನಾಲ್ಕು ಒಳ್ಳೆಯ ಮಾತಾಡಿದರೆಂದು ಉಬ್ಬಿ, ಅವ್ವ ಆಗಷ್ಟೇ ಮುಗಿಸಿದ್ದ ಹೊಸ ಚಾಪೆಯನ್ನು ಅವಳನ್ನು ಕೇಳದೆ ಕೊಟ್ಟುಬಿಟ್ಟ. ಅವ್ವ ಅದಕ್ಕಾಗಿ ಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಗರಿ ಕೊಯ್ದಿದ್ದಳು. ಅವಳು ಕೂಗಾಡಲಿಲ್ಲ. ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಹೊರಗೆ ಬಂದು, ನೆತ್ತಿಯ ಟೋಪಿಯಿಂದ ಶುರುಮಾಡಿ ಒಂದೊಂದೇ ಚಾಪೆ ಬಿಚ್ಚಿ ಸುರುಳಿ ಸುತ್ತಿದಳು. ಅಪ್ಪ ಒಳಗೆ ಕೂತಿದ್ದವನು ಕೂತಂತೆಯೇ ಬಯಲಿಗೆ ಬಂದ. ಅವ್ವ ಸುರುಳಿಗಳನ್ನು ಬದುವಿನ ಆಚೆ ಒಯ್ದು ಅವುಗಳ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ದಾರಿಯಲ್ಲಿ ಹೋಗುತ್ತಿದ್ದ ನಮ್ಮವರೇ ಒಬ್ಬರು ನಿಂತು ನೋಡಿ ನಕ್ಕರು.

"ಏನ್ಲಾ ನಂಜಯ್ಯ, ಪಂಜರದಾಗಿನ ಗಿಣಿ ಆಗ್‌ಬುಟ್ಟಲ್ಲೋ!"

ಅಪ್ಪ ಬಿಸಿಲಲ್ಲಿ ದಬ್ಬೆಗಳ ನಡುವೆ ಬೀಗಿಕೊಂಡೇ ಕೂತಿದ್ದ. ಮಧ್ಯಾಹ್ನ ಕಳೆಯಿತು. ಮೋಡ ಕಟ್ಟತೊಡಗಿದಾಗ ಅಜ್ಜಿ ತನ್ನ ಎಲೆಅಡಿಕೆ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಗನಿಗೆ ಹೇಳಿದಳು.

"ಬಿದ್ರು ನಿಂದು ಕಣಪ್ಪ, ಬ್ಯಾಡ ಅಂದೋರ್ ಯಾರು? ಬಿದ್ರುನ್ನೇ ಒದ್ಕೊಂಡ್ ಮನಿಕೊ. ನಂಗೆ ಮಳೆ ಆಗಾಕಿಲ್ಲ. ಓಗಿ ಅವಳ್ನ ಕರಿ."

ಅಪ್ಪ ಹೋದ. ಬದುವಿನ ಮೇಲೆ ಇಬ್ಬರೂ ಏನೋ ಮಾತಾಡಿದರು, ನನಗೆ ಕೇಳಿಸಲಿಲ್ಲ. ಬರುವಾಗ ದೊಡ್ಡ ಸುರುಳಿ ಅಪ್ಪನ ಹೆಗಲ ಮೇಲಿತ್ತು. ಹನಿ ಬೀಳುವ ಹೊತ್ತಿಗೆ ಬಿಗಿಯಾಯ್ತಾ, ಬಿಗಿಯಾಯ್ತು ಎಂದೂ ಆಗಿತ್ತು. ಇಳಿಸಿಟ್ಟ ಸಾರನ್ನು ಅವ್ವ ಮತ್ತೆ ಬಿಸಿಮಾಡಿದಳು. ಇಂಥ ಜಗಳಗಳು ಬೇಕಾದಷ್ಟಾದವು. ಅಪ್ಪನೂ ಒಮ್ಮೆ ಸಿಟ್ಟಿನಲ್ಲಿ ದಬ್ಬೆ ಕಿತ್ತು ಅವ್ವನನ್ನು ಚಾಪೆಗಳ ರಾಶಿಯ ನಡುವೆ ಕೂರಿಸಿದ್ದುಂಟು, ಅವತ್ತು ಅವ್ವನೇ ಎದ್ದು ಹೋಗಿ ಅವನನ್ನು ಕರೆದು ತಂದಳು. ಆದರೆ "ಮನೆ ಬಿಟ್ಟು ಹೋಗು" ಎಂಬ ಮಾತನ್ನು ನಾನು ಆ ಗುಡ್ಲಿನಲ್ಲಿ ಒಂದು ದಿನವೂ ಕೇಳಲಿಲ್ಲ. ಆ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ.

ಆಮೇಲೆ ಕಾಲೊನಿ ಬಂತು. ಬೆಟ್ಟದಪುರದಿಂದ ಆಚೆಗೆ, ಬೆಟ್ಟ ಕಾಣುವ ಒಂದು ಬೋಳು ದಿಬ್ಬದಲ್ಲಿ ನಮ್ಮಂಥವರಿಗೆಂದು ಸಾಲುಮನೆ ಕಟ್ಟಿಸಿದರು. ಇಟ್ಟಿಗೆ ಗೋಡೆ, ಸಿಮೆಂಟು ನೆಲ, ಮಂಗಳೂರು ಹೆಂಚು, ಮುಂದೆ ಒಂದು ಮೋಟು ಜಗುಲಿ. ಮಕ್ಕಳು ಶಾಲೆಗೆ ಹೋಗಬಹುದು ಎಂದು ಹೆಚ್ಚು ಆಸೆಪಟ್ಟವಳು ಅವ್ವನೇ. ನಾನು ಅಕ್ಷರ ಕಲಿತದ್ದು ಆ ದಿಬ್ಬದಿಂದಲೇ, ಅದನ್ನು ಮರೆತು ಮಾತಾಡುವುದಿಲ್ಲ. ಮನೆಗಳ ಮೇಲೆ ಹೆಸರು ಬರೆಯಲು ಒಬ್ಬರು ನೀಲಿ ಬಣ್ಣದ ಡಬ್ಬಿ ಹಿಡಿದು ಬಂದರು, ಜೊತೆಗೆ ಪಂಚಾಯ್ತಿ ಮೆಂಬರು. ಮೆಂಬರ ಹೆಸರು ಇಲ್ಲಿ ಬೇಡ, ಅವರ ಮೊಮ್ಮಕ್ಕಳು ನನ್ನ ಹತ್ತಿರ ಓದಿದವರು.

"ಮನೆ ಯಜಮಾನ್ರು ಯಾರಮ್ಮ?" ಎಂದು ಬಣ್ಣದವರು ಕೇಳಿದರು.

"ಯಾವ್ ಅರ್ದುಕ್ಕೆ?" ಎಂದಳು ಅವ್ವ.

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ತಮಾಷೆ ಮಾಡಿರಲಿಲ್ಲ. ಯಾವುದು ಗಂಡಿನದು, ಯಾವುದು ಹೆಣ್ಣಿನದು ಎಂದು ಹೇಳಿದರೆ ಅದರ ಪ್ರಕಾರ ಬರೆಸೋಣ ಎಂದು ಅವಳ ಲೆಕ್ಕ. ಮೆಂಬರು ಕಣ್ಣೊರೆಸಿಕೊಂಡು, ಗಂಡನ ಹೆಸರು ಬರೀರಿ ಎಂದರು. ಬಾಗಿಲ ಮೇಲೆ ನಂಜಯ್ಯ ಎಂದು ದಪ್ಪ ಅಕ್ಷರಗಳು ಮೂಡಿದವು. ಅಪ್ಪ ಓದಲು ಬಾರದಿದ್ದರೂ ಬೆರಳಿನಿಂದ ಅವನ್ನು ಸವರಿ, ಬೆರಳಿಗೆ ನೀಲಿ ಬಣ್ಣ ಹತ್ತಿಸಿಕೊಂಡ. ಇಡೀ ದಿನ ಅದನ್ನು ತೊಳೆಯಲಿಲ್ಲ. ಅವ್ವ ಒಳಗೆ ಹೋಗಿ ಗೋಡೆ ಮುಟ್ಟಿದಳು, ನೆಲ ಮುಟ್ಟಿದಳು, ಕತ್ತೆತ್ತಿ ಹೆಂಚು ನೋಡಿದಳು. ಗಾರೆಯವನೊಬ್ಬ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದ.

"ಇದ್ರಲ್ಲಿ ನಂದು ಯಾವ್ದಪ್ಪ?" ಎಂದು ಅವನನ್ನು ಕೇಳಿದಳು.

"ಎಲ್ಲಾ ನಿಂದೇ ತಗೊಳವ್ವ," ಎಂದ ಅವನು.

ಎಲ್ಲಾ ನಿಂದೇ ಎಂಬ ಮಾತಿಗಿಂತ ದೊಡ್ಡ ಮೋಸ ಇಲ್ಲ. ಏನೂ ಕೊಡದವರು ಹೇಳುವುದು ಅದನ್ನೇ. ಅವ್ವ ತನ್ನ ಚಾಪೆಗಳನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ದಬ್ಬೆಗಳು ಹಿತ್ತಲಿನಲ್ಲಿ ಹೀರೆಬಳ್ಳಿಯ ಚಪ್ಪರವಾದವು. ಬಳೆಯನ್ನು ಅಜ್ಜಿ ತಾನು ಮಲಗುವ ಕಡೆ ಗೂಟಕ್ಕೆ ಸಿಕ್ಕಿಸಿದಳು. ಅಪ್ಪ ಜಗುಲಿಯ ಮೇಲೆ ಕೂರುವುದನ್ನು ಕಲಿತ. ಗುಡ್ಲಿಗೆ ಜಗುಲಿ ಇರಲಿಲ್ಲ, ಕೂತು ಹರಟುವ ಗಂಡಸರೂ ಇರಲಿಲ್ಲ. ಈಗ ಸಂಜೆಯಾದರೆ ಅಕ್ಕಪಕ್ಕದವರು ಬಂದು ಬೀಡಿ ಹಚ್ಚುತ್ತಿದ್ದರು, ಅಪ್ಪ ಅವ್ವನನ್ನು ಹೊರಗಿನಿಂದಲೇ ಕೂಗಿ ನೀರು ಕೇಳುತ್ತಿದ್ದ. ಮುದ್ದೆ ತೊಳಸುವುದನ್ನು ಬಿಟ್ಟ. ಯಾರಾದರೂ ನೋಡಿಯಾರು ಎಂದು ನಾಚಿಕೆಯಂತೆ. ಅವ್ವನ ಸೀಳಿದ ಕೈ ಅವನಿಗೆ ಕಾಣಿಸುವುದೇ ನಿಂತುಹೋಯಿತು. ಇದನ್ನು ಬರೆಯುವಾಗಲೂ ನನಗೆ ಅಪ್ಪನ ಮೇಲೆ ಕೋಪ ಬರುತ್ತದೆ, ಅವನ ತಲೆ ಕೆಡಿಸಿದ ಆ ಜಗುಲಿಯ ಮೇಲೆ ಇನ್ನೂ ಹೆಚ್ಚು ಬರುತ್ತದೆ.

ಹೊಗೆಸೊಪ್ಪಿನ ಕಾಲ ಬಂತು. ಸೊಪ್ಪನ್ನು ಕೋಲಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಬೆಂಕಿಯ ಶಾಖದಲ್ಲಿ ಸೊಪ್ಪು ಒಣಗಿಸುವ ಮನೆಗೆ, ಏರಿಸುವ ಕೆಲಸಕ್ಕೆ ಎಲ್ಲರಿಗೂ ಹೆಣ್ಣಾಳು ಬೇಕು. ಬ್ಯಾರನ್ ಯಜಮಾನರೊಬ್ಬರು ನಮ್ಮ ಜಗುಲಿಯ ಮೇಲೆ ಕೂತು ಹೋದರು, ಅಷ್ಟಕ್ಕೇ ಅಪ್ಪ ಸೋತುಹೋದ. ಹಂಗಾಮು ಮುಗಿಯುವ ತನಕ ಪುಟ್ಟತಾಯಿಯನ್ನು ಕಳಿಸುತ್ತೇನೆ ಎಂದು ಮಾತು ಕೊಟ್ಟ. ಅವ್ವನಿಗೆ ಆಗ ಚಾಪೆಯ ಕೆಲಸ ಕೈತುಂಬ ಇತ್ತು. ಚುಂಚನಕಟ್ಟೆಯ ಕಡೆಯವರಿಗೆ ಹೆಣೆದು ಕೊಡುತ್ತೇನೆಂದು ಅವಳೂ ಮಾತು ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ನಾಲ್ಕು ಜನ ಗಂಡಸರು ಕೂತಿದ್ದಾಗಲೇ ಅವಳು ಬಾಗಿಲಿಗೆ ಬಂದು ನಿಂತಳು.

"ಯಾರುನ್ ಕೇಳಿ ಒಪ್ಕೊಂಡೆ? ನನ್ ಕೈ ನಂದು. ಅಷ್ಟ್ ಆಸೆ ಇದ್ರೆ ನಿನ್ ಕೈ ಕಳ್ಸು."

ಗಂಡಸರಲ್ಲಿ ಒಬ್ಬ ಕಿಸಕ್ಕೆಂದ. ಅಪ್ಪನ ಮುಖ ಕಪ್ಪಾಯಿತು. ಅವನು ಆ ಮಾತನ್ನು ಎಲ್ಲಿ ಕಲಿತನೋ, ಪಕ್ಕದ ಮನೆಯವರಿಂದಲೋ, ಜಗುಲಿಯಿಂದಲೋ, ಗೋಡೆಯ ಮೇಲಿನ ತನ್ನ ಹೆಸರಿನಿಂದಲೋ.

"ಇದು ನನ್ ಮನೆ. ನನ್ ಮನೇಲ್ ಇರೋಳು ನಾ ಏಳ್ದಂಗೆ ಕೇಳ್ಬೇಕು. ಆಗಾಕಿಲ್ವಾ, ಆಚೆಗ್ ಓಗು!"

 ಅವ್ವನಿಗೆ ಸಿಟ್ಟು ಬಂದದ್ದು ಆಮೇಲೆ, ಮೊದಲು ಆ ಮಾತೇ ತಿಳಿಯಲಿಲ್ಲ. ಆಚೆಗೆ ಹೋಗು ಎಂದರೆ ಏನು? ಅವಳು ಹೋದರೆ ಮನೆಯೂ ಅವಳ ಜೊತೆ ಹೋಗಬೇಕಲ್ಲ? ಒಳಗೆ ಹೋಗಿ ಗೋಡೆಯ ಚಾಪೆಗಳನ್ನೆಲ್ಲ ಬಿಚ್ಚಿ, ಸುತ್ತಿ, ಹೊರಗೆ ತಂದು ಹಾಕಿದಳು. ನಿಂತು ನೋಡಿದಳು. ಮನೆ ಇದ್ದ ಹಾಗೆಯೇ ಇತ್ತು. ಅಪ್ಪ ಜಗುಲಿಯ ಮೇಲೆ, ನೆರಳಿನಲ್ಲಿ, ಬೀಡಿ ಎಳೆಯುತ್ತ ಕೂತೇ ಇದ್ದ. ಅವ್ವನ ಮುಖವನ್ನು ನಾನು ಅವತ್ತು ಕಂಡಷ್ಟು ಬಡವಾಗಿ ಮತ್ತೆ ಯಾವತ್ತೂ ಕಾಣಲಿಲ್ಲ. ಅವಳು ಸೀರೆಯನ್ನು ಎತ್ತಿ ಕಟ್ಟಿ, ಹಿತ್ತಲ ಕಲ್ಲಿನ ರಾಶಿ ಹತ್ತಿ, ಅಲ್ಲಿಂದ ಸೂರಿಗೆ ಏರಿ, ನೆತ್ತಿಯಿಂದ ಶುರುಮಾಡಿದಳು. ಚಾಪೆಯನ್ನು ಬಿಚ್ಚುತ್ತಿದ್ದ ಕ್ರಮದಲ್ಲೇ, ಮೇಲಿನದು ಮೊದಲು. ಒಂದೊಂದು ಹೆಂಚನ್ನೂ ಸರಿಸಿ ತೆಗೆದು ಕೆಳಗೆ ನಿಂತ ಅಜ್ಜಿಗೆ ಕೊಡುತ್ತಿದ್ದಳು. ಅಜ್ಜಿ ತೆಗೆದುಕೊಂಡು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಜಗುಲಿಯ ಕಡೆಯ ಅರ್ಧ ಮಾತ್ರ. ಇನ್ನರ್ಧ ಅಪ್ಪನದೆಂದು ಅವ್ವ ಮುಟ್ಟಲಿಲ್ಲ. ಅಪ್ಪನ ತಲೆಯ ಮೇಲೆ ಬಿಸಿಲು ಬಿದ್ದಾಗ ಅವನು ಎದ್ದು ನಿಂತು ಮೇಲೆ ನೋಡಿದ. ಇಡೀ ಕಾಲೊನಿ ಸೇರಿತ್ತು. ಯಾರೋ ಓಡಿಹೋಗಿ ಮೆಂಬರನ್ನು ಕರೆತಂದರು.

"ಏಯ್, ಇಳಿಯಮ್ಮ ಕೆಳಿಕ್ಕೆ! ಸರ್ಕಾರದ್ ಆಸ್ತಿ ಆಳ್ ಮಾಡ್ತಿದ್ದೀಯಾ? ತಲೆ ಕೆಟ್ಟದಾ ನಿಂಗೆ?"

"ಒಂದೂ ಒಡ್ದಿಲ್ಲ ಸ್ವಾಮಿ, ಬೇಕಾದ್ರೆ ನೋಡ್ಕಳಿ. ನ್ಯಾಯ ಮುಗುದ್ ಮ್ಯಾಕೆ ನಾನೇ ಒದುಸ್ತೀನಿ. ಅವ್ನು ಬಂದು ಕರೀಲಿ."

ನ್ಯಾಯ ಮುಗಿದ ಮೇಲೆ ನಾನೇ ಹೊದಿಸುತ್ತೇನೆ ಎಂದಳು ನನ್ನ ಅವ್ವ. ಹುಚ್ಚಿ ಆಡುವ ಮಾತಾ ಇದು? ಅಲ್ಲಿದ್ದ ನಮ್ಮ ಜನಕ್ಕೆಲ್ಲ ಗೊತ್ತಿತ್ತು ಅವಳು ಏನು ಮಾಡುತ್ತಿದ್ದಾಳೆಂದು. ಅವರ ಮನೆಗಳಲ್ಲೂ ಅದೇ ನಡೆದಿತ್ತು, ಎಷ್ಟೋ ಹೆಂಗಸರು ಚಾಪೆ ಬಿಚ್ಚಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಮೆಂಬರು ನಗುತ್ತಿದ್ದಾರೆಂದು ಅವರೂ ನಕ್ಕರು. ತಲೆಮಾರುಗಳಿಂದ ನಡೆಸಿಕೊಂಡು ಬಂದ ನ್ಯಾಯವನ್ನು ಒಂದು ಸಾಲುಮನೆಯ ಆಸೆಗೆ ಹುಚ್ಚು ಎಂದು ಒಪ್ಪಿಕೊಂಡುಬಿಟ್ಟರು. ಅದನ್ನು ನಾನು ಯಾವತ್ತೂ ಕ್ಷಮಿಸಿಲ್ಲ. ಅಪ್ಪನಿಗೂ ಗೊತ್ತಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ, ಜಗುಲಿಯ ಗಂಡಸರ ಕಡೆ ನೋಡಿದ, ನಿಂತ. ಮೆಂಬರು ಇಬ್ಬರು ಆಳುಗಳನ್ನು ಹತ್ತಿಸಿ ಅವ್ವನನ್ನು ರಟ್ಟೆ ಹಿಡಿದು ಇಳಿಸಿದರು. ಅವರೇ ಹೆಂಚನ್ನೆಲ್ಲ ಮತ್ತೆ ಹೊದಿಸಿದರು. ಅವ್ವ ಅಂಗಳದಲ್ಲಿ ಚಾಪೆಯ ಸುರುಳಿಯ ಮೇಲೆ ಕೂತು ಅದನ್ನು ನೋಡಿದಳು. ಅವಳ ಕೈ ತಾಗದೆಯೇ ಮನೆಗೆ ಸೂರು ಬಂದುಬಿಟ್ಟಿತು. ಅವಳು ಅತ್ತದ್ದು ಆಗ.

ಜನ ಚದುರಿದರು. ಅಪ್ಪ ಒಳಗೆ ಹೋಗಿ ಮಲಗಿದ. ಅಜ್ಜಿ ಎಲೆಅಡಿಕೆ ಉಗಿದು ಎದ್ದವಳು ಹಿತ್ತಲಿಗೆ ನಡೆದು, ಹೂ ಬಿಟ್ಟಿದ್ದ ಹೀರೆಬಳ್ಳಿಯನ್ನು ಎಳೆದು ಬಿಸಾಕಿ, ಚಪ್ಪರದ ದಬ್ಬೆಗಳನ್ನು ಕಿತ್ತು ಹೊರಗೆ ಎಳೆಯತೊಡಗಿದಳು. ಸದ್ದು ಕೇಳಿ ಅಪ್ಪ ಓಡಿಬಂದ.

"ಅವ್ವಾ, ಏನ್ ಮಾಡ್ತಿದ್ದೀಯಾ? ಬಿದ್ರು ನಂದಲ್ವಾ?"

"ನಾ ಕೊಟ್ಟಿದ್ದು ಕಣ್ಲಾ. ನಿಂಗ್ ಕೊಟ್ಟಿದ್ನಾ? ನಿಮ್ಮಿಬ್ರು ಮನೆಗ್ ಕೊಟ್ಟಿದ್ದೆ. ನಿಂಗೆ ಬ್ಯಾರೆ ಮನೆ ಅದಲ್ಲ, ಎಸ್ರು ಬರ್ಸ್‌ಕೊಂಡಿದ್ದೀಯಲ್ಲ. ಓಗು, ಅದ್ರಾಗೆ ಇರು."

ಅಜ್ಜಿ ದಾರ ಹಿಡಿದು ಹಿತ್ತಲಿನಲ್ಲಿ ಗೆರೆ ಎಳೆದಳು. ಅವ್ವ ಕಣ್ಣೊರೆಸಿಕೊಂಡು ಎದ್ದು ಬಂದು ಹಾರೆ ತೆಗೆದುಕೊಂಡಳು. ಅತ್ತೆ ಸೊಸೆ ಇಬ್ಬರೇ ದಬ್ಬೆ ನೆಟ್ಟರು, ಒಳಗಿನಿಂದ ಬಳೆ ತಂದು ತುದಿಗಳನ್ನು ಸೇರಿಸಿದರು, ಚಾಪೆ ಸುತ್ತಿದರು. ಹೆಂಚಿನ ಮನೆಯ ಬೆನ್ನಿಗೆ ನಮ್ಮ ಹಳೆಯ ಮನೆ ಮತ್ತೆ ಎದ್ದು ನಿಂತಿತು. ಅವ್ವ ಬ್ಯಾರನ್ನಿಗೆ ಹೋಗಲಿಲ್ಲ. ಗುಡ್ಲಿನಲ್ಲೇ ಕೂತು ಚುಂಚನಕಟ್ಟೆಯ ಚಾಪೆಗಳನ್ನು ಮುಗಿಸಿದಳು. ಅಪ್ಪ ಹೆಂಚಿನ ಮನೆಯಲ್ಲಿ ಒಬ್ಬನೇ ಬೇಯಿಸಿಕೊಂಡು ತಿಂದ. ಜಗುಲಿಯ ಗಂಡಸರು ಮೊದಮೊದಲು ಬಂದರು, ನೀರು ತಂದುಕೊಡುವವರಿಲ್ಲವೆಂದು ಗೊತ್ತಾದ ಮೇಲೆ ಬರುವುದನ್ನು ಬಿಟ್ಟರು. ಮಳೆ ಬಂದರೂ ಅಪ್ಪ ನೆನೆಯುವಂತಿರಲಿಲ್ಲ, ಹಾಗಾಗಿ ಹಟ ಬಹಳ ದಿನ ನಡೆಯಿತು. ಒಂದು ಸಂಜೆ ನಾವು ಉಣ್ಣಲು ಕೂತಿದ್ದೆವು. ಹೊರಗಿನಿಂದ ಯಾರೋ ಚಾಪೆಯನ್ನು ತಟ್ಟುತ್ತ ಸುತ್ತು ಬರುವ ಸದ್ದಾಯಿತು. ಸದ್ದು ಬಾಗಿಲ ಹತ್ತಿರ ನಿಂತಿತು.

"ಬಿಗಿಯಾಯ್ತಾ?" ಎಂದ ಅಪ್ಪ, ಈಗ ಹೊರಗಿನಿಂದ.

ಅವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು.  ಅಜ್ಜಿ ಅವಳ ಕಡೆ ನೋಡಲಿಲ್ಲ.

"ಆಚೆಗ್ ಓಗು ಅನ್ನೋ ಮಾತು ನೀನು ಆ ಮನೇಲಿ ಆಡ್ದೆ," ಎಂದಳು ಅವ್ವ. "ಈ ಮನೇಲಿ ಅದುನ್ನ ಯಾರೂ ಆಡಕ್ಕಾಗಾಕಿಲ್ಲ. ಬರೋ ಅಂಗಿದ್ರೆ ಇಲ್ಲಿಗ್ ಬಾ. ನಾ ಅಲ್ಲಿಗ್ ಬರಾಕಿಲ್ಲ."

ಅಪ್ಪ ಬಗ್ಗಿ ಒಳಗೆ ಬಂದ. ಒಲೆಯ ಹತ್ತಿರ ಕೂತು, ಯಾರೂ ಹೇಳದೆಯೇ ಮುದ್ದೆ ತೊಳಸುವ ಹಿಟ್ಟಿನ ಕೋಲು ಕೈಗೆತ್ತಿಕೊಂಡ. ಅವ್ವ ಸಾಯುವ ತನಕ ಆ ಗುಡ್ಲಿನಲ್ಲೇ ಇದ್ದಳು, ಅಪ್ಪನೂ ಅಲ್ಲೇ ಇದ್ದ. ಹೆಂಚಿನ ಮನೆಯಲ್ಲಿ ಮೇಕೆಗಳನ್ನು ಕಟ್ಟಿದೆವು. ನಂಜಯ್ಯ ಎಂಬ ನೀಲಿ ಅಕ್ಷರಗಳ ಕೆಳಗೆ ನಿಂತು ಮೇಕೆಗಳು ರಸ್ತೆ ನೋಡುತ್ತಿದ್ದವು. ಊರವರು ಇದನ್ನೂ ಸೇರಿಸಿಕೊಂಡು ಕತೆ ಮಾಡಿದರು, ಸರ್ಕಾರದ ಮನೆಯಲ್ಲಿ ಮೇಕೆ ಕಟ್ಟಿ ತಾವು ಗುಡಿಸಲಲ್ಲಿ ಬಿದ್ದುಕೊಂಡಿರುವ ಮೂರ್ಖರು ಎಂದು.

ರೆಸಾರ್ಟಿನ ಆ ದುಂಡು ಮನೆಯಲ್ಲಿ ನಿಂತು ನಾನು ಇಷ್ಟನ್ನೂ ಹೇಳಿದೆ. ಇಷ್ಟು ನೆಟ್ಟಗೆ ಹೇಳಲಿಲ್ಲ, ದನಿ ಏರಿತ್ತು, ನಡುವೆ ಶಿವಣ್ಣ ಮಾಸ್ತರರ ಕಡೆ ಬೆರಳನ್ನೂ ತೋರಿಸಿದೆ. "ಆ ಹುಚ್ಚಿ ನನ್ನ ಅವ್ವ" ಎಂದಾಗ ಅವರು ಕೈಯಲ್ಲಿದ್ದ ಜ್ಯೂಸಿನ ಲೋಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ತಡಕಾಡಿದರು. ತಪ್ಪಾಯ್ತು ಕಣ್ರೀ ಟೀಚರ್, ಗೊತ್ತಿರ್ಲಿಲ್ಲ ಎಂದರು. ಗೊತ್ತಿದ್ದರೆ ನಾನಿಲ್ಲದ ಕಡೆ ಹೇಳುತ್ತಿದ್ದರು, ಅಷ್ಟೇ. ಊಟಕ್ಕೆ ಕರೆ ಬಂತು, ಎಲ್ಲರೂ ಬೇಗ ಬೇಗ ಹೊರಟರು. ನಾನು ಚಪ್ಪಲಿ ಹುಡುಕುತ್ತಿದ್ದಾಗ ಸವಿತಾ ಇನ್ನೂ ಒಳಗೇ ನಿಂತಿದ್ದಳು. ಅವಳ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು, ಅವಳು ಎತ್ತಲಿಲ್ಲ. ನೆತ್ತಿಯ ಬಳೆಯನ್ನು ನೋಡುತ್ತ, ಯಾರಿಗೂ ಕೇಳದಷ್ಟು ಮೆಲ್ಲಗೆ ನನ್ನನ್ನು ಕೇಳಿದಳು.

"ಟೀಚರ್, ನಮ್ಮನೇದು ಆರ್‌ಸಿಸಿ ತಾರ್ಸಿ. ನಾನು ಏನ್ ಬಿಚ್ಲಿ?"